ಮೂತ್ರಪಿಂಡದ ಕಾವಲು

ಕರ್ನಾಟಕದಲ್ಲಿ ಅತಿ ಕಡಮೆ ಮಳೆ ಬೀಳುವ ಪ್ರದೇಶಗಳಲ್ಲಿ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳೂ ಸೇರಿವೆ. ಅಲ್ಲಿ ವೈಶಾಖದ ಬಿಸಿಲಿನಲ್ಲಿ ಮಂದೆಯ ಹಿಂದೆ ದಿನವೆಲ್ಲ ನಡೆಯುವ ಕುರಿಗಾಹಿಯ ಮೈಯಿಂದ ಲೀಟರುಗಟ್ಟಲೆ ನೀರೂ ಅದರೊಡನೆ ಉಪ್ಪೂ ಬೆವರಾಗಿ ಹರಿದುಹೋಗುತ್ತವೆ. ರಕ್ತದ ಪ್ರಮಾಣ ತಗ್ಗಿದರೆ ಅದರ ಒತ್ತಡವೂ ತಗ್ಗಿ ಆತ ತಲೆಸುತ್ತಿ ಬೀಳಬೇಕಷ್ಟೆ. ಆದರೂ ಆತ ಸಂಜೆಗೆ ಕುರಿಗಳನ್ನು ಹಟ್ಟಿಗೆ ಸೇರಿಸುತ್ತಾನೆ. ಇದಕ್ಕೆ ಒಂದು ಮುಖ್ಯ ಕಾರಣ ಮೂತ್ರಪಿಂಡಗಳ ಎಚ್ಚರ.

ಒತ್ತಡವು ಇಳಿದೊಡನೆ ಮೂತ್ರಪಿಂಡವು ರೆನಿನ್ ಎಂಬ ಕಿಣ್ವವನ್ನು ರಕ್ತಕ್ಕೆ ಬಿಡುತ್ತದೆ. ಟೈಗರ್‌ಸ್ಟೆಟ್ ಮತ್ತು ಬರ್ಗ್‌ಮನ್ ಎಂಬ ವಿಜ್ಞಾನಿಗಳು 1898ರಲ್ಲಿ ಸ್ಟಾಕ್‌ಹೋಮ್ ನಗರದಲ್ಲಿ ಮೊಲದ ಮೂತ್ರಪಿಂಡದಿಂದ ಇದನ್ನು ಕಂಡುಹಿಡಿದರು. ಯಕೃತ್ತಿನಲ್ಲಿ ತಯಾರಾದ ಒಂದು ಪ್ರೋಟೀನನ್ನು ರೆನಿನ್ ಕತ್ತರಿಸಲು, ಆಂಜಿಯೋಟೆನ್ಸಿನ್-1 ಹುಟ್ಟುತ್ತದೆ. ಇದಕ್ಕೆ ಸ್ವತಃ ಹೆಚ್ಚು ಶಕ್ತಿಯಿಲ್ಲ. ಮುಖ್ಯವಾಗಿ ಶ್ವಾಸಕೋಶದ ರಕ್ತನಾಳಗಳಲ್ಲಿರುವ ಮತ್ತೊಂದು ಕಿಣ್ವವು ಇದನ್ನು ಆಂಜಿಯೋಟೆನ್ಸಿನ್-2 ಆಗಿ ಮಾರ್ಪಡಿಸಿದ ಮೇಲೆಯೇ ಇದರ ಬಲ ತಿಳಿಯುವುದು. ಈ ಹಾರ್ಮೋನು ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ; ಬಾಯಾರಿಕೆಯನ್ನು ಹುಟ್ಟಿಸುತ್ತದೆ; ಅಡ್ರಿನಲ್ ಗ್ರಂಥಿಯಿಂದ ಆಲ್ಡೋಸ್ಟೀರೋನ್ ಎಂಬ ಇನ್ನೊಂದು ಹಾರ್ಮೋನನ್ನು ಹೊರಡಿಸಿ, ಉಪ್ಪು ನೀರುಗಳು ಮೂತ್ರದಲ್ಲಿ ಪೋಲಾಗದಂತೆ ತಡೆಯುತ್ತದೆ.

ಬರದ ಕಾಲಕ್ಕೆ ಒದಗುವ ಈ ಕಾವಲು ಬೇಡದ ಕಾಲದಲ್ಲಿಯೂ ನಡೆದರೆ ಅನರ್ಥವೇ ಸರಿ. ಮೊಳಕಾಲ್ಮೂರಿನ ರೇಷ್ಮೆ ಮಗ್ಗದಲ್ಲಿ ನೆರಳಿನಲ್ಲಿ ಕುಳಿತು ದುಡಿಯುವ ನೇಕಾರನಿಗೆ ಅಷ್ಟು ಬೆವರಿನ ನಷ್ಟವಿಲ್ಲ. ಆತನ ರಕ್ತದೊತ್ತಡ ಏರಿರುವಾಗಲೂ ರೆನಿನ್ ತಕ್ಕಷ್ಟು ತಗ್ಗದಿದ್ದರೆ ನಾಳಗಳು ಬಿಗಿದೇ ಇರುತ್ತವೆ. ನೋವಿಲ್ಲ, ಜ್ವರವಿಲ್ಲ, ವರ್ಷಗಳ ತರುವಾಯ ಹೃದಯವೋ ಮಿದುಳೋ ಮೂತ್ರಪಿಂಡವೋ ಕೆಟ್ಟಾಗಲೇ ರೋಗ ಬೆಳಕಿಗೆ ಬರುವುದುಂಟು.

ಇದನ್ನು ತಡೆಯುವ ಔಷಧದ ಸುಳಿವು ದೊರೆತುದು ಹಾವಿನ ವಿಷದಲ್ಲಿ! ಹೊಲಗಳಲ್ಲಿ ಕಾಣುವ ಕೊಳಕುಮಂಡಲದ ಬಳಗಕ್ಕೇ ಸೇರಿದ ಬ್ರೆಜಿಲ್ ದೇಶದ ಒಂದು ಹಾವಿನ ವಿಷವು, ಆಂಜಿಯೋಟೆನ್ಸಿನ್-2 ತಯಾರಿಸುವ ಕಿಣ್ವವನ್ನು ಕಟ್ಟಿಹಾಕುತ್ತದೆ. ಆ ಜಾಡಿನಲ್ಲಿ ರೂಪುಗೊಂಡ ಕ್ಯಾಪ್ಟೊಪ್ರಿಲ್ 1981ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಎನಲಾಪ್ರಿಲ್ ಸಹ ಇದೇ ವರ್ಗದ್ದು; ಕೆಲವರಿಗೆ ಇದರಿಂದ ಒಣ ಕೆಮ್ಮು ಬರುತ್ತದೆ. ಲೊಸಾರ್ಟಾನ್, ಟೆಲ್ಮಿಸಾರ್ಟಾನ್‌ಗಳ ದಾರಿ ಬೇರೆ. ಅವು ಹಾರ್ಮೋನು ಹುಟ್ಟುವುದನ್ನು ತಡೆಯವು. ಅದು ಬಂದು ಕೂರಬೇಕಾದ ಸ್ಥಾನವನ್ನು ತಾವೇ ಆಕ್ರಮಿಸುತ್ತವೆ. ಅಟೆನೊಲಾಲ್ ಮೂತ್ರಪಿಂಡವು ರೆನಿನ್ ಬಿಡುವುದನ್ನೇ ಕಡಮೆ ಮಾಡುತ್ತದೆ.

ಎನಲಾಪ್ರಿಲ್, ಲೊಸಾರ್ಟಾನ್‌ಗಳನ್ನು ಸೇವಿಸುವವರ ರಕ್ತದಲ್ಲಿ ರೆನಿನ್ ಇಳಿಯುವ ಬದಲು ಏರುವುದು ವಿಚಿತ್ರವೆನಿಸಬಹುದು. ತನ್ನ ಕರೆಗೆ ಓಗೊಡುವವರಿಲ್ಲವೆಂದು ಮೂತ್ರಪಿಂಡವು ಮತ್ತಷ್ಟು ಕೂಗುತ್ತದೆ, ಅಷ್ಟೆ. ಮಾತ್ರೆಯು ಕಾವಲುಗಾರನ ಕೈಯನ್ನು ಹಿಡಿದಿರುವ ತನಕ ಆ ಕೂಗಿನಿಂದ ಒತ್ತಡ ಹೆಚ್ಚದು. ಒತ್ತಡ ಸರಿಹೋಯಿತೆಂದು ಮಾತ್ರೆ ಬಿಟ್ಟವರಲ್ಲಿ ಅದು ಸಾಮಾನ್ಯವಾಗಿ ಮತ್ತೆ ಏರುತ್ತದೆ.

ಇಂಥ ಮಾತ್ರೆ ನುಂಗುವ ಕುರಿಗಾಹಿಗೆ ಬೇಸಗೆಯಲ್ಲಿ ವಾಂತಿಭೇದಿ ಹತ್ತಿದರೆ ಪರಿಸ್ಥಿತಿ ತಿರುಗುಮುರುಗಾಗುತ್ತದೆ. ನೀರು ಬತ್ತಿದ ದೇಹಕ್ಕೆ ಆಗ ಆ ಕಾವಲೇ ಬೇಕು. ಆದರೆ ಅದರ ಕೈ ಕಟ್ಟಿದೆ. ಒತ್ತಡ ಮಿತಿಮೀರಿ ಕುಸಿದು ಮೂತ್ರಪಿಂಡಕ್ಕೆ ಪೆಟ್ಟಾಗಬಹುದು. ಆದ್ದರಿಂದಲೇ ಅಂಥವನು ತಡಮಾಡದೆ ಆಸ್ಪತ್ರೆಗೆ ಹೋಗಿ ತಾನು ಸೇವಿಸುವ ಮಾತ್ರೆಯನ್ನು ತೋರಿಸಬೇಕಾಗುತ್ತದೆ. ವೈದ್ಯರು ಅದನ್ನು ಕೆಲವು ದಿನ ನಿಲ್ಲಿಸಿ, ದೇಹ ಚೇತರಿಸಿಕೊಂಡ ಬಳಿಕ ಮತ್ತೆ ಆರಂಭಿಸುವುದುಂಟು.