ಬಂದ ದಾರಿಯ ಲೆಕ್ಕ

ನಿಘಂಟಿನಲ್ಲಿ ಒಂದು ಪದವನ್ನು ಹುಡುಕಹೊರಟು, 'ಇದನ್ನು ನೋಡಿ' ಎಂಬ ಸೂಚನೆಯನ್ನು ಹಿಡಿದು ಇನ್ನೊಂದಕ್ಕೂ, ಅಲ್ಲಿಂದ ಮತ್ತೊಂದಕ್ಕೂ ಹೋಗಿ, ಕೊನೆಗೆ ಮೊದಲು ಹುಡುಕಿದ ಪದವನ್ನೇ ಮರೆತ ಅನುಭವ ವಾಚಕರೆಲ್ಲರಿಗೂ ಉಂಟು. ಪುಸ್ತಕವಾದರೆ ಹಾಳೆಗಳ ನಡುವೆ ಬೆರಳಿಟ್ಟುಕೊಳ್ಳಬಹುದು. ಗಣಕಯಂತ್ರದಲ್ಲಿ ಬೆರಳಿಡುವುದೆಲ್ಲಿ? ಈ ಪ್ರಶ್ನೆ ನನಗೆ ಬಂದುದು ನಮ್ಮ ತಾತನವರಿಂದ.

ತಾತನವರು ಜಯನಗರದಲ್ಲಿ ಬಹುಕಾಲದಿಂದ ಇರುವವರು. ಸುತ್ತಲಿನ ಸಂಗತಿಗಳನ್ನು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿದ್ದಾರೆ. ಈಚೆಗೆ ಅವರಿಗೆ ಮರೆವು ಹೆಚ್ಚಿದೆ. ಬರೆದದ್ದು ಎಲ್ಲಿದೆಯೆಂದು ತಿಳಿಯದೆ ಅವರು ಪೇಚಾಡುವುದನ್ನು ಕಂಡು, ಅದನ್ನೆಲ್ಲ ಗಣಕಯಂತ್ರಕ್ಕೆ ಇಳಿಸಲು ಹೊರಟೆನು. ನಾನು ಕಲಾ ವಿಭಾಗದ ವಿದ್ಯಾರ್ಥಿ. ಪೈಥಾನ್ ಭಾಷೆಯನ್ನು ಅಷ್ಟಿಷ್ಟು ಬಲ್ಲವನು.

ವಿಧಾನವಿಷ್ಟೆ. ಒಂದೊಂದು ವಿಷಯಕ್ಕೆ ಒಂದೊಂದು ಪುಟ. ಪುಟದೊಳಗೆ ಬೇರೊಂದು ಪುಟದ ಹೆಸರು ಬಂದರೆ ಅದನ್ನು ಜೋಡಿ ಚೌಕಾವರಣದಲ್ಲಿ ಬರೆಯುವುದು. ಪ್ರೋಗ್ರಾಮು ಆ ಆವರಣವನ್ನು ಗುರುತಿಸಿ ಕೊಂಡಿಯನ್ನಾಗಿ ಮಾಡುತ್ತದೆ. 'ಜಯನಗರ' ಪುಟದಿಂದ, 1948ರಲ್ಲಿ ಸಿ. ರಾಜಗೋಪಾಲಾಚಾರಿಯವರು ಬಡಾವಣೆಗೆ ಶಂಕುಸ್ಥಾಪನೆ ಮಾಡಿದ ನೆನಪಿನ ಅಶೋಕ ಸ್ತಂಭಕ್ಕೆ, ಅಲ್ಲಿಂದ ಲಾಲ್‌ಬಾಗಿಗೆ, ಲಾಲ್‌ಬಾಗಿನಿಂದ, 1760ರಲ್ಲಿ ಆ ತೋಟವನ್ನು ಆರಂಭಿಸಿದ ಹೈದರಾಲಿಗೂ, ಬಂಡೆಯ ಮೇಲಣ ಕೆಂಪೇಗೌಡ ಗೋಪುರಕ್ಕೂ ಹೋಗಬಹುದು.

ಕನ್ನಡದಲ್ಲಿ ಎರಡು ತೊಡಕುಗಳಿವೆ. ಒಂದು, ವಿಭಕ್ತಿ. ಪುಟದ ಹೆಸರು 'ಲಾಲ್‌ಬಾಗ್'; ವಾಕ್ಯದಲ್ಲಿ ಬರುವುದು 'ಲಾಲ್‌ಬಾಗಿನಿಂದ'. ಯಂತ್ರಕ್ಕೆ ಇವೆರಡೂ ಬೇರೆ ಪದಗಳು. ಆದುದರಿಂದ ಆವರಣದಲ್ಲಿ ಮೊದಲು ಪುಟದ ಹೆಸರು, ಬಳಿಕ ಒಂದು ಉದ್ದಗೆರೆ, ಆಮೇಲೆ ಓದುವ ರೂಪವನ್ನು ಬರೆಯಬೇಕು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯದಲ್ಲಿಯೂ ಇದೇ ಪದ್ಧತಿ. ಇನ್ನೊಂದು, 'ಲ್' ಎಂಬುದು 'ಬಾ' ಜೊತೆ ಒತ್ತಕ್ಷರವಾಗಿ ಕೂಡದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ. ಅದು ಪದದ ಕೊನೆಯಲ್ಲಿ ಉಳಿದುಬಿಟ್ಟರೆ ನೋಡುವುದಕ್ಕೆ ಒಂದೇ ಆದ ಎರಡು ಹೆಸರುಗಳು ಯಂತ್ರಕ್ಕೆ ಬೇರೆಯಾಗುತ್ತವೆ. ಇದನ್ನು ಕಂಡುಹಿಡಿಯಲು ನನಗೆ ಮೂರು ಸಂಜೆಗಳು ಬೇಕಾದವು.

ಪುಟಗಳು ಸಿದ್ಧವಾದವು. ತಾತನವರು ಲಾಲ್‌ಬಾಗಿನಿಂದ ಗೋಪುರಕ್ಕೆ ಹೋಗಿ 'ಹಿಂದಕ್ಕೆ' ಎಂಬುದನ್ನು ಒತ್ತಿದರು, ಲಾಲ್‌ಬಾಗ್ ಬಂದಿತು. ಮತ್ತೆ ಒತ್ತಿದರೆ ಅಶೋಕ ಸ್ತಂಭ ಬರಬೇಕಷ್ಟೆ? ಬಂದುದು ಗೋಪುರ! ಮತ್ತೆ ಒತ್ತಿದರೆ ಲಾಲ್‌ಬಾಗ್. "ಇದೇನಪ್ಪಾ, ನನಗಿಂತ ಇದಕ್ಕೇ ಮರೆವು ಹೆಚ್ಚು!" ಎಂದರು. ತಪ್ಪು ನನ್ನದು. ಹಿಂದಿರುಗಿದುದನ್ನೂ ಹೊಸ ಭೇಟಿಯೆಂದೇ ಪಟ್ಟಿಯ ಕೊನೆಗೆ ಸೇರಿಸಿದ್ದೆ.

ಹೋಟೆಲಿನಲ್ಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಡುವುದನ್ನು ನೋಡಿದ್ದೀರಷ್ಟೆ. ಕೊನೆಗೆ ಇಟ್ಟುದು ಮೊದಲು ಕೈಗೆ ಸಿಗುತ್ತದೆ. ಅಂತಹ ಎರಡು ಪೇರಿಗಳು ಬೇಕು. ಕೊಂಡಿಯನ್ನು ಒತ್ತಿದಾಗ, ಬಿಟ್ಟುಹೋಗುವ ಪುಟವು 'ಹಿಂದಿನ' ಪೇರಿಯ ಮೇಲೆ ಕೂರುತ್ತದೆ. ಹಿಂದಿರುಗುವಾಗ ಅಲ್ಲಿಂದ ಒಂದನ್ನು ತೆಗೆದು, ಈಗಿನ ಪುಟವನ್ನು 'ಮುಂದಿನ' ಪೇರಿಯ ಮೇಲಿಡಬೇಕು. ನಡುವೆ ಹೊಸ ಕೊಂಡಿ ಹಿಡಿದರೆ ಮುಂದಿನ ಪೇರಿ ಬರಿದಾಗುತ್ತದೆ; ಕವಲುದಾರಿ ಹಿಡಿದವನಿಗೆ ಹಳೆಯ ಮುಂದಾರಿ ಮುಂದಾರಿಯಾಗಿ ಉಳಿಯದು.

ಆದರೆ ಹಾಗೆ ಬರಿದಾದುದೇ ತಾತನವರಿಗೆ ಬೇಕಾಗಿತ್ತು. "ಈಗ ತಾನೆ ನೋಡಿದ್ದು ಎಲ್ಲಿ ಹೋಯಿತು?" ಎಂದು ಕೇಳಿದರು. ಆದಕಾರಣ ಮೂರನೆಯದಾಗಿ ಒಂದು ದಿನಚರಿಯನ್ನು ಸೇರಿಸಿದೆನು. ಅದರಲ್ಲಿ ಭೇಟಿಯೂ ವೇಳೆಯೂ ದಾಖಲಾಗುತ್ತವೆ, ಯಾವುದೂ ಅಳಿಯದು.

ಈ ವಿಚಾರ ಹೊಸದಲ್ಲ. 1945ರಲ್ಲಿ ಅಮೆರಿಕದ ವನೆವಾರ್ ಬುಷ್ ಎಂಬ ವಿಜ್ಞಾನಿ, ಓದುಗನು ನಡೆದ ದಾರಿಯನ್ನು ಕಾದಿಡುವ 'ಮೆಮೆಕ್ಸ್' ಎಂಬ ಯಂತ್ರವನ್ನು ಕಲ್ಪಿಸಿದ್ದನು. 1965ರಲ್ಲಿ ಟೆಡ್ ನೆಲ್ಸನ್ ಇಂತಹ ಬರಹಕ್ಕೆ 'ಹೈಪರ್‌ಟೆಕ್ಸ್ಟ್' ಎಂದು ಹೆಸರಿಟ್ಟನು.

ಈಗ ತಾತನವರು ಬೆಳಿಗ್ಗೆ ಎದ್ದು ಮೊದಲು ದಿನಚರಿಯನ್ನು ತೆರೆಯುತ್ತಾರೆ. "ನಿನ್ನೆ ಹೈದರಾಲಿಯ ತನಕ ಬಂದಿದ್ದೆನಲ್ಲ" ಎಂದು ಅಲ್ಲಿಂದ ಮುಂದುವರಿಸುತ್ತಾರೆ. ಒಂದೇ ಪುಟಕ್ಕೆ ದಿನಕ್ಕೆ ಹತ್ತು ಸಲ ಹೋದುದೂ ಅದರಲ್ಲಿ ಕಾಣುತ್ತದೆ. ಪುಟಗಳನ್ನು ಯಾರು ಬೇಕಾದರೂ ಓದಲಿ. ದಿನಚರಿ ಮಾತ್ರ ತಾತನವರದು. ಅವರ ಅಪ್ಪಣೆಯಿಲ್ಲದೆ ನಾನೂ ಅದನ್ನು ತೆರೆಯುವುದಿಲ್ಲ.