ಎಳೆಗೂಸಿನ ಇಸುಬು

ನಾಲ್ಕು ತಿಂಗಳ ಕೂಸೊಂದು, ಹಾಲು ಕುಡಿದು ಹೊಟ್ಟೆ ತುಂಬಿದ್ದರೂ, ತೊಟ್ಟಿಲು ಹದವಾಗಿ ತೂಗುತ್ತಿದ್ದರೂ ನಿದ್ರೆ ಹತ್ತದೆ, ಎತ್ತಿಕೊಂಡೊಡನೆಯೇ ತಾಯಿಯ ಹೆಗಲಿಗೆ ಕೆನ್ನೆಯನ್ನೊತ್ತಿ ಅತ್ತಿತ್ತ ಉಜ್ಜತೊಡಗುವುದನ್ನು ಕಂಡವರಿಗೆ ಇಸುಬಿನ ಸ್ವರೂಪವನ್ನು ಬೇರೆಯಾಗಿ ವರ್ಣಿಸಬೇಕಾಗಿಲ್ಲ. ಬೆರಳುಗಳಿಂದ ಗುರಿಯಿಟ್ಟು ಕೆರೆದುಕೊಳ್ಳುವ ಹಿಡಿತ ಆ ವಯಸ್ಸಿನಲ್ಲಿ ಇನ್ನೂ ಕೈಗೂಡಿರುವುದಿಲ್ಲ. ತುರಿಕೆಯಾದರೋ ಬಂದು ನೆಲಸಿಬಿಟ್ಟಿರುತ್ತದೆ. ಬೆಳಗಾಗುವ ವೇಳೆಗೆ ತಾಯಿಯ ರವಿಕೆಯ ಹೆಗಲಿನ ಮೇಲೆ ರಸಿಕೆ ಒಣಗಿದ ಕಲೆ. ಕೂಸಿನ ಕೆನ್ನೆಗಳಲ್ಲಿ ಕೆಂಪೇರಿ ಹಕ್ಕಳೆಗಟ್ಟಿದ ಒರಟು ಚರ್ಮ. ಹಣೆ, ಕುತ್ತಿಗೆ, ಕೈಕಾಲುಗಳ ಹೊರಮೈ ಎಲ್ಲವೂ ಹೀಗೆ ಬಾಡಿದ್ದರೂ, ಸದಾ ತೇವವಾಗಿರುವ ಲಂಗೋಟಿಯ ಭಾಗ ಮಾತ್ರ ಸಾಮಾನ್ಯವಾಗಿ ನಿರ್ಮಲವಾಗಿ ಉಳಿದಿರುತ್ತದೆ. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ರೋಗದ ಮರ್ಮವು ಬಹುಮಟ್ಟಿಗೆ ಅದರಲ್ಲಿಯೇ ಅಡಗಿದೆ.

ಇಂಥ ಕೂಸನ್ನು ಕಂಡೊಡನೆ ನಮ್ಮ ಮನೆಗಳ ಹಿರಿಯರು ಆಡುವ ಮೊದಲ ಮಾತು 'ನಂಜು' ಎಂಬುದು. ತಾಯಿ ತಿಂದ ಪದಾರ್ಥದ ನಂಜು ಹಾಲಿಗಿಳಿದು, ಮಗುವಿನ ರಕ್ತ ಕೆಟ್ಟು, ಮೈಮೇಲೆ ಎದ್ದಿದೆಯೆಂದು ತೀರ್ಮಾನವಾಗಿ, ಬದನೆ, ಕಡಲೆಕಾಯಿ, ಹುರುಳಿ, ಮೊಟ್ಟೆ ಒಂದೊಂದಾಗಿ ಬಾಣಂತಿಯ ಎಲೆಯಿಂದ ಮಾಯವಾಗುತ್ತ ಹೋಗಿ, ಕಟ್ಟಕಡೆಗೆ ಅನ್ನ ಮತ್ತು ಮೆಣಸಿನ ಸಾರು ಮಾತ್ರ ಉಳಿಯುತ್ತವೆ. ಈ ಊಹೆ ನಮ್ಮವರದೊಂದೇ ಅಲ್ಲ. ಪಾಶ್ಚಾತ್ಯ ವೈದ್ಯರ 'ಎಕ್ಸಿಮಾ' ಎಂಬ ಪದವೂ 'ಕುದಿದು ಹೊರಗೆ ಉಕ್ಕುವುದು' ಎಂಬರ್ಥದ ಗ್ರೀಕ್ ಧಾತುವಿನಿಂದ ಹುಟ್ಟಿದುದು. ಒಳಗಿನ ಕೇಡು ಹೊರಕ್ಕೆ ಉಕ್ಕುತ್ತಿದೆಯೆಂದು ಅವರೂ ನಮ್ಮವರಂತೆಯೇ ತರ್ಕಿಸಿದರು. ಆದರೆ ಈಗ ತಿಳಿದುಬಂದಿರುವ ಮಟ್ಟಿಗೆ, ಅನೇಕ ಶಿಶುಗಳಲ್ಲಿ ಕೇಡು ಮೊದಲಾಗುವುದು ರಕ್ತದಲ್ಲಲ್ಲ, ಮೈಯ ಹೊರಗೋಡೆಯಲ್ಲಿಯೇ.

ಚರ್ಮದ ಅತ್ಯಂತ ಹೊರಗಿನ ಪದರ ಸುಮಾರು 0.02 ಮಿಲಿಮೀಟರಿನಷ್ಟು ತೆಳುವಾದುದು. ಶಿಶುಗಳಲ್ಲಿ ಅದಕ್ಕಿಂತಲೂ ತೆಳು. ಆ ಪದರದ ರಚನೆಯನ್ನು ವಿಜ್ಞಾನಿಗಳು ಇಟ್ಟಿಗೆ ಗಾರೆಗಳ ಗೋಡೆಗೆ ಹೋಲಿಸುತ್ತಾರೆ: ಚಪ್ಪಟೆಯಾದ ಮೃತಕೋಶಗಳೇ ಇಟ್ಟಿಗೆ, ಅವುಗಳ ನಡುವಣ ಮೇದಸ್ಸಿನ ದ್ರವ್ಯಗಳೇ ಗಾರೆ. ಈ ಇಟ್ಟಿಗೆಗಳನ್ನು ಗಟ್ಟಿಗೊಳಿಸುವ, ಅನಂತರ ತಾನೇ ಒಡೆದು ಚರ್ಮದಲ್ಲಿ ತೇವವನ್ನು ಹಿಡಿದಿಡುವ ಕಣಗಳಾಗಿ ಪರಿಣಮಿಸುವ ಫಿಲಾಗ್ರಿನ್ ಎಂಬ ಪ್ರೋಟೀನೊಂದುಂಟು. ಅದರ ಜೀನಿನಲ್ಲಿ ಹುಟ್ಟಿನಿಂದಲೇ ಇರುವ ದೋಷವು ಇಸುಬಿಗೆ ಪ್ರಬಲವಾದ ಕಾರಣವೆಂಬುದನ್ನು 2006ರಲ್ಲಿ ಸ್ಕಾಟ್ಲೆಂಡಿನ ಡಂಡಿಯ ಸಂಶೋಧಕರು ತಮ್ಮ ಸಹೋದ್ಯೋಗಿಗಳೊಡನೆ ತೋರಿಸಿಕೊಟ್ಟರು. ಇಸುಬುಳ್ಳವರೆಲ್ಲರಲ್ಲಿಯೂ ಈ ದೋಷವಿಲ್ಲ, ದೋಷವುಳ್ಳವರೆಲ್ಲರಿಗೂ ಇಸುಬು ಬರುವುದೂ ಇಲ್ಲ. ಆದರೂ ವಿಚಾರದ ದಿಕ್ಕನ್ನೇ ಅದು ಬದಲಿಸಿತು. ಗೋಡೆ ಬಿರುಕುಬಿಟ್ಟಲ್ಲಿ ಒಳಗಿನ ನೀರು ಆವಿಯಾಗಿ ಹೊರಟುಹೋಗುತ್ತದೆ. ಹೊರಗಿನ ಧೂಳು, ಸೋಪು, ಸ್ಟೆಫಿಲೊಕಾಕಸ್ ಎಂಬ ರೋಗಾಣು ಒಳನುಗ್ಗುತ್ತವೆ. ದೇಹದ ರಕ್ಷಣಾವ್ಯವಸ್ಥೆ ಕೆರಳಿ ಉರಿಯೂತವನ್ನೆಬ್ಬಿಸುತ್ತದೆ. ಉರಿಯೂತದಿಂದ ತುರಿಕೆ, ತುರಿಕೆಯಿಂದ ಉಜ್ಜಾಟ, ಉಜ್ಜಾಟದಿಂದ ಮತ್ತಷ್ಟು ಬಿರುಕು. ಲಂಗೋಟಿಯ ಕೆಳಗೆ ತೇವ ಆರುವುದಿಲ್ಲ, ಉಜ್ಜಲು ಅಲ್ಲಿಗೆ ಕೈಯೂ ಹೋಗುವುದಿಲ್ಲ. ಆದುದರಿಂದ ಅಲ್ಲಿ ಗೋಡೆ ಉಳಿದುಕೊಂಡಿರುತ್ತದೆ.

ಹಾಗಿದ್ದಮೇಲೆ ಆರೈಕೆಯೆಂಬುದು ಗೋಡೆಗೆ ದಿನದಿನವೂ ಗಾರೆ ಮೆತ್ತುವ ಕೆಲಸವಾಗಬೇಕಲ್ಲದೆ ನಂಜನ್ನು ಹೊರದೂಡುವ ಕೆಲಸವಾಗಬಾರದು. ಇಲ್ಲಿ ನಮ್ಮ ಎಣ್ಣೆನೀರಿನ ಸಂಪ್ರದಾಯವನ್ನು ಕುರಿತು ಪ್ರೀತಿಯಿಂದಲೇ ಎರಡು ಮಾತು ಹೇಳಬೇಕಾಗಿದೆ. ಕಾಲು ಚಾಚಿ ಕುಳಿತ ಅಜ್ಜಿ, ಮೊಣಕಾಲುಗಳ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಎಣ್ಣೆ ತಿಕ್ಕಿ, ಹಂಡೆಯಿಂದ ಮೊಗೆಮೊಗೆದು ಬಿಸಿನೀರೆರೆದು, ಕಡಲೆಹಿಟ್ಟಿನಿಂದ ಉಜ್ಜಿ, ಸಾಂಬ್ರಾಣಿಯ ಹೊಗೆ ಹಿಡಿದು, ದೃಷ್ಟಿಬೊಟ್ಟಿಟ್ಟು ಮಲಗಿಸುವ ಆ ಕ್ರಮದಲ್ಲಿರುವ ವಾತ್ಸಲ್ಯಕ್ಕೆ ಸಾಟಿಯಾದುದು ಇನ್ನೊಂದಿಲ್ಲ. ಆರೋಗ್ಯವಾದ ಚರ್ಮ ಅದನ್ನು ತಡೆದುಕೊಳ್ಳುತ್ತದೆ. ಇಸುಬಿನ ಚರ್ಮಕ್ಕೆ ಸುಡುನೀರು, ಹಿಟ್ಟಿನ ಉಜ್ಜು, ಹೊಗೆ ಮೂರೂ ಶತ್ರುಗಳು. ಚರ್ಮದ ಸಹಜವಾದ ಆಮ್ಲತೆ ಪಿಎಚ್ 5ರ ಆಸುಪಾಸಿನದು. ಮಾಮೂಲು ಸೋಪಿನದು 9 ಅಥವಾ 10. ಆ ಕ್ಷಾರವೂ ಗಾರೆಯನ್ನು ಕರಗಿಸುತ್ತದೆ. ಮೊಣಕೈ ಅದ್ದಿದರೆ ಬಿಸಿಯೂ ತಣ್ಣಗೂ ಅಲ್ಲವೆನಿಸುವ ನೀರು, ಐದರಿಂದ ಹತ್ತು ನಿಮಿಷದ ಸ್ನಾನ, ಬೇಕಾದಲ್ಲಿ ಮಾತ್ರ ಕ್ಷಾರವಿಲ್ಲದ ಮೃದು ಮಾರ್ಜಕ, ಅನಂತರ ಹತ್ತಿಬಟ್ಟೆಯಿಂದ ಒತ್ತಿ ಒರಸಿ, ಮೈಯ ಪಸೆ ಆರುವುದಕ್ಕೆ ಮುಂಚೆಯೇ, ಮೂರು ನಿಮಿಷಗಳೊಳಗಾಗಿ, ಸುಗಂಧವಿಲ್ಲದ ದಪ್ಪನೆಯ ಲೇಪವನ್ನು ಮೈಗೆಲ್ಲ ಹಚ್ಚುವುದು: ಇದೇ ಚಿಕಿತ್ಸೆಯ ತಳಹದಿ. ಪೆಟ್ರೋಲಿಯಂ ಜೆಲ್ಲಿಯಂಥ ಅಗ್ಗದ ವಸ್ತುವೂ ಸಲ್ಲುತ್ತದೆ. ಪ್ರಮಾಣದಲ್ಲಿ ಮಾತ್ರ ಜಿಪುಣತನ ಕೂಡದು. ಎಳೆಗೂಸಿಗೂ ವಾರಕ್ಕೆ ನೂರು ಗ್ರಾಮಿನಷ್ಟಾದರೂ ಬೇಕು, ಮೈ ಶುಭ್ರವಾಗಿ ಕಾಣುವ ದಿನಗಳಲ್ಲಿಯೂ ಬೇಕು.

ಎಣ್ಣೆಗಳೆಲ್ಲ ಒಂದೇ ಬಗೆಯವಲ್ಲ. ಸಾಸಿವೆ ಎಣ್ಣೆಯೂ ಆಲಿವ್ ಎಣ್ಣೆಯೂ ಚರ್ಮದ ಗೋಡೆಯನ್ನು ದುರ್ಬಲಗೊಳಿಸುವುದು ಪರೀಕ್ಷೆಗಳಲ್ಲಿ ಕಂಡುಬಂದಿದೆ. ಕೊಬ್ಬರಿ ಎಣ್ಣೆಯ ವಿಷಯ ಬೇರೆ. ಫಿಲಿಪೈನ್ಸಿನಲ್ಲಿ ಇಸುಬುಳ್ಳ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹಸಿ ತೆಂಗಿನಿಂದ ತೆಗೆದ ಶುದ್ಧ ಎಣ್ಣೆ ಖನಿಜ ತೈಲಕ್ಕಿಂತ ಮೇಲೆಂದು ಕಂಡಿತು. ನಮ್ಮ ಅಜ್ಜಿಯರ ಕೈಯ ಎಣ್ಣೆ ಬಟ್ಟಲನ್ನು ಕಿತ್ತುಕೊಳ್ಳಬೇಕಾಗಿಲ್ಲ. ರಭಸವಾಗಿ ತಿಕ್ಕಬೇಡಿರೆಂದು ವಿನಯದಿಂದ ಕೇಳಿಕೊಂಡರೆ ಸಾಕು.

ಚರ್ಮ ಕೆಂಪೇರಿ ಉರಿಯುವಾಗ ಲೇಪವೊಂದೇ ಸಾಲದು; ಉರಿಯೂತವನ್ನು ಇಳಿಸುವ ಮುಲಾಮು ಬೇಕು. ಈ ರೋಗಕ್ಕೆ ಇಂದಿನ ವೈದ್ಯಶಾಸ್ತ್ರದ ಹೆಸರಿಟ್ಟವರಲ್ಲೊಬ್ಬನಾದ ಸುಲ್ಜ್‌ಬರ್ಗರನೇ, ವಿಟನ್ ಎಂಬ ವೈದ್ಯನೊಡಗೂಡಿ, ಹೈಡ್ರೊಕಾರ್ಟಿಸೋನನ್ನು ಚರ್ಮಕ್ಕೆ ಲೇಪಿಸಿ ಅದರ ಗುಣವನ್ನು 1952ರಲ್ಲಿ ತೋರಿಸಿದನು. ಸ್ಟೀರಾಯ್ಡ್ ಎಂಬ ಹೆಸರು ಕೇಳಿಯೇ ಬೆದರಿ, ವೈದ್ಯರು ಬರೆದುಕೊಟ್ಟ ಮುಲಾಮನ್ನು ಕಪಾಟಿನಲ್ಲಿಟ್ಟು ಮಗುವನ್ನು ತಿಂಗಳುಗಟ್ಟಲೆ ತುರಿಕೆಗೆ ಒಪ್ಪಿಸುವ ತಂದೆತಾಯಿಗಳಿದ್ದಾರೆ. ಪ್ರಬಲವಾದ ಸ್ಟೀರಾಯ್ಡಿಗೆ ಬೂಷ್ಟುನಾಶಕವನ್ನು ಬೆರೆಸಿದ ಟ್ಯೂಬನ್ನು ಚೀಟಿಯಿಲ್ಲದೆ ಅಂಗಡಿಯಿಂದ ತಂದು ಕೂಸಿನ ಕೆನ್ನೆಗೆ ವಾರಗಟ್ಟಲೆ ಬಳಿಯುವವರೂ ಇದ್ದಾರೆ. ಮೊದಲನೆಯದು ಅನಗತ್ಯವಾದ ಭೀತಿ, ಎರಡನೆಯದು ಅಪಾಯ. ಚರ್ಮ ತೆಳುವಾಗುವುದು, ರಕ್ತನಾಳಗಳು ಎದ್ದು ಕಾಣುವುದು ಈ ಎರಡನೆಯ ದಾರಿಯಲ್ಲಿ. ಮುಖಕ್ಕೆ ಸೌಮ್ಯವಾದುದನ್ನು, ವೈದ್ಯರು ಹೇಳಿದಷ್ಟೇ ದಿನ ಹಚ್ಚಿದರೆ ಭಯವಿಲ್ಲ. ಎಷ್ಟು ಹಚ್ಚಬೇಕೆಂಬುದಕ್ಕೆ 1991ರಿಂದ ಸುಲಭವಾದ ಅಳತೆಯೊಂದು ಬಳಕೆಯಲ್ಲಿದೆ: ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಮಾಗುತ್ತದೆ, ಅದು ದೊಡ್ಡವರ ಎರಡು ಹಸ್ತಗಳಷ್ಟು ಜಾಗಕ್ಕೆ, ಎಂದರೆ ನಾಲ್ಕೈದು ತಿಂಗಳ ಕೂಸಿನ ಮುಖ ಕುತ್ತಿಗೆಗಳಿಗೆ, ಸರಿಹೋಗುತ್ತದೆ.

ಇನ್ನು ಬಾಣಂತಿಯ ಎಲೆಗೆ ಹಿಂದಿರುಗೋಣ. ಕೆಲವು ಶಿಶುಗಳಿಗೆ ಹಾಲು, ಮೊಟ್ಟೆಗಳ ಅಲರ್ಜಿ ನಿಜವಾಗಿಯೂ ಇರುವುದುಂಟು. ಅದನ್ನು ವೈದ್ಯರು ಪರೀಕ್ಷಿಸಿ ಹೇಳಬೇಕು. ಉಳಿದವರ ತಾಯಂದಿರು ಉಪವಾಸದಂಥ ಪಥ್ಯದಿಂದ ಸೊರಗುವುದು ಅನ್ಯಾಯವೆಂದು ನಾನು ದೃಢವಾಗಿ ನಂಬಿದ್ದೇನೆ. ಅಷ್ಟೇ ಅಲ್ಲ, ಲಂಡನ್ನಿನಲ್ಲಿ ತೀವ್ರವಾದ ಇಸುಬು ಅಥವಾ ಮೊಟ್ಟೆಯ ಅಲರ್ಜಿಯಿದ್ದ 640 ಶಿಶುಗಳನ್ನು ಐದು ವರ್ಷ ತುಂಬುವವರೆಗೆ ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲ ವರ್ಷದಲ್ಲಿಯೇ ಕಡಲೆಕಾಯಿಯ ಆಹಾರವನ್ನು ತಿನ್ನತೊಡಗಿದವರಲ್ಲಿ ಕಡಲೆಕಾಯಿಯ ಅಲರ್ಜಿ, ಅದನ್ನು ವರ್ಜಿಸಿದವರಿಗಿಂತ ಐದರಲ್ಲಿ ನಾಲ್ಕು ಪಾಲಿನಷ್ಟು ಕಡಿಮೆಯಾಗಿತ್ತು. ಬಿರುಕುಬಿಟ್ಟ ಚರ್ಮದ ಮೂಲಕ ಒಳಹೊಕ್ಕ ಆಹಾರವನ್ನು ದೇಹ ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ. ಬಾಯ ಮೂಲಕ ಬಂದುದನ್ನು ಮಿತ್ರನೆಂದು ಪರಿಚಯಿಸಿಕೊಳ್ಳುತ್ತದೆ. ತೀವ್ರವಾದ ಇಸುಬುಳ್ಳ ಕೂಸಿಗೆ ಇದನ್ನು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. ಇಡೀ ಬೀಜವನ್ನಂತೂ ಕೊಡಲೇಕೂಡದು, ಅದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಬಹುಪಾಲು ಮಕ್ಕಳಲ್ಲಿ ಈ ರೋಗ ಬೆಳೆಯುತ್ತ ಬೆಳೆಯುತ್ತ ಹಿಮ್ಮೆಟ್ಟುತ್ತದೆ; ಅಲ್ಲಿಯವರೆಗೆ ಉಗುರು ಕತ್ತರಿಸಿ, ಉಣ್ಣೆಯ ಬದಲು ಹತ್ತಿಯ ಬಟ್ಟೆ ತೊಡಿಸಿ, ಲೇಪವನ್ನು ಬಿಡದೆ ನಡೆಸಬೇಕು. ಒಂದು ಸ್ಥಿತಿಯಲ್ಲಿ ಮಾತ್ರ ತಾಳ್ಮೆ ಸಲ್ಲದು. ಇಸುಬಿನ ಜಾಗದಲ್ಲಿ ಒಂದೇ ಅಳತೆಯ ಸಣ್ಣ ನೀರುಗುಳ್ಳೆಗಳು ಗುಂಪುಗುಂಪಾಗಿ ಎದ್ದು, ಒಡೆದು ಹುಣ್ಣಾಗಿ, ಜ್ವರ ಬಂದರೆ ಅದು ಹರ್ಪಿಸ್ ವೈರಾಣುವಿನ ಕೆಲಸವಾಗಿರಬಹುದು. ಅದೇ ದಿನ ಮಗುವನ್ನು ಆಸ್ಪತ್ರೆಗೆ ಕೊಂಡೊಯ್ಯಬೇಕು. ದೊಡ್ಡವರ ತುಟಿಯಂಚಿನಲ್ಲಿ ಜ್ವರದ ಬಳಿಕ ಏಳುವ ಗುಳ್ಳೆಗಳಲ್ಲಿರುವುದೂ ಅದೇ ವೈರಾಣು. ಆದುದರಿಂದ, ಇಸುಬುಳ್ಳ ಕೂಸನ್ನು ನೋಡಲು ಬರುವ ಬಂಧುಗಳಲ್ಲಿ ನನ್ನದೊಂದು ಪ್ರಾರ್ಥನೆ: ತುಟಿಯಲ್ಲಿ ಗುಳ್ಳೆಯಿರುವಾಗ ದಯಮಾಡಿ ಆ ಕೆನ್ನೆಗೆ ಮುತ್ತಿಡಬೇಡಿ.