ಚಿನ್ನದ ಬೀದಿಯಲ್ಲಿ ರಾತ್ರಿಯ ರಸದೌತಣ

ಇಂದೋರಿನ ರಾಜವಾಡಾ ಅರಮನೆಗೆ ಸಮೀಪದ ಸರಾಫಾ ಬಜಾರು ಹಗಲಿನಲ್ಲಿ ಚಿನ್ನ-ಬೆಳ್ಳಿಯ ಪೇಟೆ. ರಾತ್ರಿ ಆಭರಣದಂಗಡಿಗಳು ಬಾಗಿಲು ಹಾಕಿದೊಡನೆ ಅವುಗಳ ಮುಂದೆಯೇ ಒಲೆಗಳು ಉರಿಯತೊಡಗುತ್ತವೆ. ನಡುರಾತ್ರಿ ದಾಟಿದರೂ ಜನಸಂದಣಿ ಕರಗದು. ಜನರ ಓಡಾಟವಿದ್ದಲ್ಲಿ ಕಳ್ಳರ ಭಯವಿರದೆಂದು ವರ್ತಕರೇ ಇದಕ್ಕೆ ಇಂಬುಗೊಟ್ಟರೆಂಬ ಪ್ರತೀತಿಯಿದೆ.

ಮುಸುಕಿನ ಜೋಳವನ್ನು ತುರಿದು ಹಾಲಿನಲ್ಲಿ ಬೇಯಿಸಿದ ‘ಭುಟ್ಟೇ ಕಾ ಕೀಸ್’, ಚಳಿಗಾಲದಲ್ಲಿ ಕರಿದು ಕೊಡುವ ‘ಗರಾಡು’ ಗೆಡ್ಡೆ, ತಟ್ಟೆ ತುಂಬುವ ಜಿಲೇಬಿ ಇಲ್ಲಿನ ವೈಶಿಷ್ಟ್ಯಗಳು. ಮೊಸರುವಡೆಯ ದೊನ್ನೆಯನ್ನು ಗಾಳಿಗೆ ಚಿಮ್ಮಿ, ಚೆಲ್ಲದಂತೆ ಹಿಡಿಯುವ ಮಾರಾಟಗಾರನ ಕೈಚಳಕವಂತೂ ಪುಕ್ಕಟೆ ಮನರಂಜನೆ!

2017ರಿಂದ 2023ರವರೆಗೆ ಸತತ 7 ಬಾರಿ, ಕೊನೆಯ ಸಲ ಸೂರತ್ತಿನೊಡನೆ, ಸ್ವಚ್ಛ ಸರ್ವೇಕ್ಷಣದಲ್ಲಿ ಅಗ್ರಸ್ಥಾನ ಪಡೆದ ನಗರವಿದು. ಆದರೂ ಬೀದಿಯ ನೈರ್ಮಲ್ಯವೊಂದೇ ಉದರಕ್ಕೆ ರಕ್ಷೆಯಾಗಲಾರದು. ಬೇಯಿಸಿದ ಆಹಾರವು 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತಣಿದು 2 ಗಂಟೆಗೂ ಮಿಗಿಲಾಗಿ ಉಳಿದರೆ ರೋಗಾಣುಗಳು ವೃದ್ಧಿಸುತ್ತವೆ. ಆದುದರಿಂದ ಕಣ್ಣೆದುರೇ ಬಾಣಲೆಯಿಂದಿಳಿದ ಬಿಸಿ ತಿನಿಸು ಹಿತ. ತೆರೆದಿಟ್ಟ ಚಟ್ನಿ, ಮೂಲವರಿಯದ ಮಂಜುಗಡ್ಡೆ ವರ್ಜ್ಯ. ತಡರಾತ್ರಿ ಹೊಟ್ಟೆ ಬಿರಿಯೆ ತಿಂದು ಮಲಗಿದರೆ ಎದೆಯುರಿ ತಪ್ಪದು. ಒಂದು ತಟ್ಟೆಯನ್ನು ನಾಲ್ವರು ಹಂಚಿಕೊಂಡರೆ ರುಚಿಗೂ ಆರೋಗ್ಯಕ್ಕೂ ಕೊರತೆಯಿಲ್ಲ.

ಮುಂಬಯಿಯ ಚೌಪಾಟಿಗೂ ಹೈದರಾಬಾದಿನ ಚಾರ್‌ಮಿನಾರ್ ಬೀದಿಗೂ ಇದೇ ನಿಯಮ. ಚಿನ್ನವನ್ನು ಒರೆಗೆ ಹಚ್ಚಿ ಕೊಳ್ಳುವವರು ತಿನಿಸನ್ನೂ ಪರೀಕ್ಷಿಸಿ ಕೊಳ್ಳುವುದು ವಿವೇಕ.